ಬಟವಾಡೆ ದಿನ ಮಾತ್ರ

ಫೆಬ್ರವರಿ 19

ಬೆಳಗಾಗುವುದಕ್ಕೇ ಕಾದಿದ್ದವರ ಹಾಗೆ ಆಶಾಳೂ ನಾನೂ ಒಂದು ಪ್ಯಾಕೆಟ್ ಬಿಸ್ಕತ್ತಿಗೆ ಜಗಳ ಆಡಿದೆವು. ಅಂಗಡಿಯಿಂದ ಮೂವತ್ತು ರೂಪಾಯಿಯ ಬೆಣ್ಣೆ ಬಿಸ್ಕತ್ತು ತರಿಸಿದ್ದಾಳೆ. ಕಾಫಿಗೆ ಅದ್ದಿದ ಮೇಲೆ ಐದು ರೂಪಾಯಿಯದೂ ಒಂದೇ, ಮೂವತ್ತರದೂ ಒಂದೇ ಎಂದೆ. ಕಾಯಿಲೆಯವಳು ಒಂದು ಬಿಸ್ಕತ್ತು ಕಡಿಯುವುದಕ್ಕೂ ನಿಮ್ಮ ಅಪ್ಪಣೆ ಬೇಕೇನ್ರೀ ಎಂದು ಮುಖ ತಿರುಗಿಸಿಕೊಂಡಳು. ಮಗಳು ಹರ್ಷಿತ ಕಾಲೇಜಿಗೆ ಹೊರಟವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತು, ಇಬ್ಬರೂ ಮಕ್ಕಳಿಗಿಂತ ಕಡೆ ಎಂದು ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ನಾನು ಜಿಪುಣನೇ, ಇಲ್ಲ ಎನ್ನುವುದಿಲ್ಲ. ಆದರೆ ಈ ಸಲ ಯಾಕೆ ಬಿಗಿ ಹಿಡಿಯುತ್ತಿದ್ದೇನೆ ಎಂಬುದು ಅವಳಿಗೂ ಗೊತ್ತು. ಹೋದ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಅವಳ ಎದೆಯ ಗಂಟು ತೆಗೆದರು. ಅದು ಬಿಪಿಎಲ್ ಕಾರ್ಡಿನಲ್ಲಿ ಪುಕ್ಕಟೆ ಆಯಿತು. ಇನ್ನು ಕೊಡಬೇಕಾದ ಇಂಜೆಕ್ಷನ್ ಕಾರ್ಡಿಗೆ ಬರುವುದಿಲ್ಲವಂತೆ. ಒಂದಕ್ಕೆ ಮೂವತ್ತೆರಡು ಸಾವಿರ. ಶುರು ಮಾಡಿದ ಮೇಲೆ ಮಧ್ಯೆ ನಿಲ್ಲಿಸುವ ಹಾಗಿಲ್ಲ, ಆರಕ್ಕಾದರೂ ದುಡ್ಡು ಜೋಡಿಸಿಕೊಂಡು ಬೇಗ ಬನ್ನಿ ಎಂದಿದ್ದಾರೆ ಡಾಕ್ಟರು. ಸಾಲ ಮಾಡು ಎಂದು ಊರೆಲ್ಲ ಹೇಳಿತು. ಅಪ್ಪ ಬಡ್ಡಿ ಕಟ್ಟಿ ಕಟ್ಟಿ ಸತ್ತದ್ದನ್ನು ನೋಡಿದವನು ನಾನು. ಕೈಸಾಲ ಎಂಬ ಮಾತೇ ನನಗಾಗದು. ಗೋಡೌನಿನ ಸಂಬಳ, ಎರಡು ಹಸುವಿನ ಹಾಲು, ಮಾರಿದ ಕಡಸು ಎಲ್ಲ ಸೇರಿ ಎಂಬತ್ತಾರು ಸಾವಿರ ಆಗಿದೆ.

ಸಂಜೆಗೆ ಒಂದು ಒಪ್ಪಂದವಾಯಿತು. ತಿನ್ನುವುದು, ಉಡುವುದು ಏನಿದ್ದರೂ ಬಟವಾಡೆ ದಿನ ಮಾತ್ರ. ಡೈರಿಯ ಹಾಲಿನ ದುಡ್ಡು ತಿಂಗಳಲ್ಲಿ ಐದನೇ ತಾರೀಕಿಗೊಮ್ಮೆ, ಇಪ್ಪತ್ತಕ್ಕೊಮ್ಮೆ ಬರುತ್ತದೆ. ಈಗ ಅದು ಸೀದಾ ಖಾತೆಗೇ ಬೀಳುವುದಾದರೂ ನಮ್ಮೂರಲ್ಲಿ ಬಟವಾಡೆ ಎಂದೇ ಹೆಸರು. ಅವತ್ತು ನೂರು ರೂಪಾಯಿ ಆಶಾಳದು. ಅವಳು ಏನು ಕೇಳಿದರೂ ನಾನು ಸೂಲಿಬೆಲೆಯಿಂದ ತಂದುಕೊಡಬೇಕು, ಗೊಣಗಬಾರದು. ಮಿಕ್ಕ ದಿನ ಅವಳು ಕೇಳಬಾರದು.

ಫೆಬ್ರವರಿ 20

ಬಟವಾಡೆ. ಮಸಾಲೆ ದೋಸೆ ಕೇಳಿದಳು. ಕಟ್ಟಿಸಿಕೊಂಡು ಬಂದೆ. ಗೊಣಗಲಿಲ್ಲ. ನನಗೆ ಬೇಡ ಎಂದಿದ್ದೆ, ಆದರೂ ಒಂದು ಮೂಲೆ ಮುರಿದು ಇಟ್ಟಿದ್ದಳು. ಪಲ್ಯ ಮಾತ್ರ ಇರಲಿಲ್ಲ ಅದರಲ್ಲಿ.

ಮಾರ್ಚ್ 31

ಯುಗಾದಿಯ ಮರುದಿನ, ಹೊಸತೊಡಕು. ಊರಿಗೆ ಊರೇ ಮಟನ್ ಬೇಯಿಸುತ್ತಿದೆ, ಬೀದಿಯಲ್ಲಿ ಮೂಗು ಬಿಟ್ಟುಕೊಂಡು ನಡೆಯುವ ಹಾಗಿಲ್ಲ. ನಾನು ಅರ್ಧ ಕೆಜಿ ಕೋಳಿ ತಂದೆ. ಹರ್ಷಿತ ಮುಖ ಊದಿಸಿಕೊಂಡಳು. ವರ್ಷಕ್ಕೊಂದು ಹೊಸತೊಡಕಿಗೂ ಕೋಳಿಯೇ ಎಂದು ಅವಳ ಸಂಕಟ. ಬಟವಾಡೆ ಐದಕ್ಕೆ, ಹಬ್ಬ ಮುಂಚೆ ಬಂದರೆ ನಾನೇನು ಮಾಡಲಿ ಎಂದೆ.

ಮಧ್ಯಾಹ್ನ ಡೈರಿ ಕಾರ್ಯದರ್ಶಿ ಮುನಿವೆಂಕಟಪ್ಪಣ್ಣ ತಮ್ಮ ಮನೆಯಿಂದ ಒಂದು ಡಬರಿ ಮಟನ್ ಸಾರು ಕಳಿಸಿದರು. ನಾಚಿಕೆಯಾಯಿತು. ಆದರೂ ಎಲ್ಲರಿಗಿಂತ ಹೆಚ್ಚು ಮುದ್ದೆ ನುಂಗಿದವನು ನಾನೇ. ಆಶಾ ಅದನ್ನೇ ಹಿಡಿದು ಆಡಿಕೊಂಡಳು.

“ಅಲ್ರೀ, ಮಟನ್ ಉಳ್ಸಿ ನನ್ನ ಉಳಿಸ್ಕೊಂಡ್ಬಿಡ್ತೀರಾ?”

“ಹೂಂ ಕಣೇ,” ಎಂದೆ.

ಅವಳು ಸಂಜೆಯವರೆಗೂ ಏನೋ ಗುನುಗಿಕೊಂಡು ಓಡಾಡಿಕೊಂಡಿದ್ದಳು. ಬಹಳ ದಿನದ ಮೇಲೆ ಮನೆ ಮನೆಯ ಹಾಗಿತ್ತು.

ಏಪ್ರಿಲ್ 22

ಎಡಗೈ ಎತ್ತಲು ಆಗುವುದಿಲ್ಲ ಎನ್ನುತ್ತಾಳೆ. ಇನ್ನು ಬೆಳಗಿನ ಹಾಲು ನಾನು, ಸಂಜೆಯದು ಹರ್ಷಿತ. ಕೆಂದಿ ಹಸು ನನಗೆ ಸೊರೆಬಿಡುವುದಿಲ್ಲ, ಹಾಲನ್ನೇ ಇಳಿಸದು. ಒದ್ದು ಒದ್ದು ಮೊಣಕಾಲು ನೀಲಿಯಾಗಿದೆ. ಆಶಾ ಕೊಟ್ಟಿಗೆ ಬಾಗಿಲಲ್ಲಿ ಕೂತು ಮಾತಾಡಿಸಿದರೆ ಕೊಡುತ್ತದೆ. ಹಸುವಿಗೂ ನನ್ನ ಜಿಪುಣತನ ಗೊತ್ತಾಗಿಹೋಗಿದೆ ಎಂದು ಅವಳ ತಮಾಷೆ.

ಒಂದು ಲಕ್ಷ ಮೂವತ್ತು ಸಾವಿರ.

ಮೇ 11

ಆವತಿಯಲ್ಲಿ ಆಶಾಳ ಅಕ್ಕನ ಮಗನ ಮದುವೆ. ಹೊಸ ಸೀರೆ ಬೇಕೆಂದಳು. ಬಟವಾಡೆ ನೂರು ರೂಪಾಯಿಗೆ ಸೀರೆ ಬರುವ ಹಾಗಿದ್ದರೆ ತಗೋ ಎಂದೆ. ಮಾತು ಸ್ವಲ್ಪ ಒರಟಾಯಿತು. ಹಳೆಯ ಹಸಿರು ಸೀರೆಯನ್ನೇ ಉಟ್ಟಳು. ರವಿಕೆ ಭುಜದಿಂದ ಜಾರುತ್ತಿತ್ತು, ಹರ್ಷಿತ ಒಳಗಿನಿಂದ ಪಿನ್ನು ಹಾಕಿ ಹಿಡಿಸಿದಳು. ಸಣ್ಣಗಾಗಿದ್ದೀಯ, ಬಟ್ಟೆಯೂ ಉಳಿಯಿತು ಎಂದು ನಾನು ನಗಿಸಲು ನೋಡಿದೆ. ಯಾರೂ ನಗಲಿಲ್ಲ.

ಮದುವೆಮನೆಯಲ್ಲಿ ಎರಡು ಸಲ ಮಲಗಿಕೊಂಡಳಂತೆ. ಬಿಸಿಲು ಜಾಸ್ತಿ.

ಜೂನ್ 12

ಜೋಡಿಸಿಬಿಟ್ಟೆ. ಒಂದು ಲಕ್ಷ ತೊಂಬತ್ತೆರಡು ಸಾವಿರ. ಯಾರ ಮುಂದೆಯೂ ಕೈ ಒಡ್ಡಲಿಲ್ಲ. ಬ್ಯಾಂಕಿನಿಂದ ಬರುವಾಗ ಯಾರಾದರೂ ಸಿಕ್ಕರೆ ಹೇಳೋಣ ಎನ್ನಿಸಿತು. ಸಿಕ್ಕವರು ಮುನಿವೆಂಕಟಪ್ಪಣ್ಣ ಒಬ್ಬರೇ. ಬೆನ್ನು ತಟ್ಟಿದರು. ಹದಿನೇಳಕ್ಕೆ ಆಸ್ಪತ್ರೆ.

ಖುಷಿಗೆ ಏನಾದರೂ ತರಲೇ ಎಂದು ಕೇಳಿದರೆ ಆಶಾಳೇ ಬೇಡ ಎಂದಳು. ಬಟವಾಡೆ ಇಪ್ಪತ್ತಕ್ಕಲ್ಲವೇ, ಅವತ್ತೇ ತಿಂದರಾಯಿತು ಎಂದಳು. ನನಗಿಂತ ಗಟ್ಟಿ ಆಗಿಬಿಟ್ಟಿದ್ದಾಳೆ.

ಜೂನ್ 17

ಆಸ್ಪತ್ರೆಗೆ ಹೋಗಿ ಬಂದೆವು. ಮೊದಲು ಸ್ಕ್ಯಾನ್ ಮಾಡಿಸಿ ಎಂದರು, ಮಾಡಿಸಿದೆವು. ಆಮೇಲೆ ನನ್ನೊಬ್ಬನನ್ನೇ ಒಳಗೆ ಕರೆದರು.

ಇಂಜೆಕ್ಷನ್ ಬೇಡ ಎಂದರು ಡಾಕ್ಟರು. ದುಡ್ಡು ತಂದಿದ್ದೇನೆ ಸಾರ್ ಎಂದೆ. ಲಿವರಿಗೆ ಹೋಗಿದೆ, ಬೆನ್ನುಮೂಳೆಗೂ ಹೋಗಿದೆ, ಈಗ ಕೊಟ್ಟರೆ ಹಿಂಸೆಯೇ ಹೊರತು ಪ್ರಯೋಜನವಿಲ್ಲ ಎಂದರು. ನೋವಿಗೆ ಮಾತ್ರೆ ಬರೆದುಕೊಟ್ಟರು. ಚಳಿಗಾಲದಲ್ಲೇ ಶುರು ಮಾಡಿದ್ದಿದ್ದರೆ ಎಂದು ಕೇಳಿದೆ. ಅವರು ಕಂಪ್ಯೂಟರ್ ಕಡೆ ನೋಡಿಕೊಂಡಿದ್ದರು. ನಿಮ್ಮ ಮನೆಯವರಿಗೆ ಇಷ್ಟವಾದದ್ದು ತಿನ್ನಲಿ, ಯಾವುದಕ್ಕೂ ಬೇಡ ಅನ್ನಬೇಡಿ ಎಂದರು.

ಈ ಮಾತನ್ನು ಡಾಕ್ಟರುಗಳು ಎಲ್ಲರಿಗೂ ಹೇಳುತ್ತಾರೆ.

ಆಚೆ ಬೆಂಚಿನ ಮೇಲೆ ಆಶಾ ದುಡ್ಡಿನ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ರಕ್ತ ಕಡಿಮೆ ಇದೆಯಂತೆ, ರಕ್ತ ಏರಿದ ಮೇಲೆ ಇಂಜೆಕ್ಷನ್ ಅಂತೆ ಎಂದೆ. ಸರಿ ಎಂದಳು.

ಜೂನ್ 18

ಕೆಂದಿ ಇವತ್ತು ಒದೆಯಲಿಲ್ಲ.

ಜೂನ್ 20

ಬಟವಾಡೆ. ಚೀಲದ ದುಡ್ಡನ್ನು ಮತ್ತೆ ಖಾತೆಗೆ ಕಟ್ಟಿ ಬಂದೆ. ಜಿಲೇಬಿ ಕೇಳಿದ್ದಳು. ಜಿಲೇಬಿಯ ಜೊತೆ ಕಾಲು ಕೆಜಿ ಮೈಸೂರುಪಾಕೂ ತಂದೆ. ನೂರು ದಾಟಿತಲ್ಲ ಎಂದು ಆಶಾ ಹುಬ್ಬು ಹಾರಿಸಿದಳು. ರಕ್ತ ಏರಬೇಕಲ್ಲ ಎಂದೆ. ಮೈಸೂರುಪಾಕಿನಲ್ಲಿ ರಕ್ತ ಏರುತ್ತದೆಯೇ ಎಂದು ಹರ್ಷಿತ ಕೇಳಿದಳು. ಅವಳಿಗೆ ಎಲ್ಲದರಲ್ಲೂ ಪ್ರಶ್ನೆ.

ಜೂನ್ 26

ಗೋಡೌನಿನಿಂದ ಬರುವಾಗ ಹೊಸಕೋಟೆಯಲ್ಲಿ ದ್ರಾಕ್ಷಿ ಚೆನ್ನಾಗಿತ್ತು, ಒಂದು ಕೆಜಿ ತಂದೆ. ಬಟವಾಡೆ ಅಲ್ಲ ನಿಜ. ಹಣ್ಣು ತಿಂಡಿಯ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ತಿಂಗಳಿಂದ ಬಿಗಿ ಮಾಡಬೇಕು.

ಜುಲೈ 2

ಐಸ್‌ಕ್ರೀಂ. ಮನೆಗೆ ಬರುವಷ್ಟರಲ್ಲಿ ನೀರಾಗಿತ್ತು, ಲೋಟಕ್ಕೆ ಹಾಕಿಕೊಂಡು ಕುಡಿದಳು. ಇದೊಂದು ಸಲ.

ಜುಲೈ 4

ಬಿರಿಯಾನಿ.

ಜುಲೈ 5

ಬಟವಾಡೆ. ಏನು ಬೇಕು ಎಂದರೆ ಏನೂ ಬೇಡ, ನಿನ್ನೆಯ ಬಿರಿಯಾನಿಯೇ ಗಂಟಲಲ್ಲಿದೆ ಎಂದಳು. ಆದರೂ ಬಟವಾಡೆ ಬಟವಾಡೆಯೇ. ಹೊಸಕೋಟೆಯಲ್ಲಿ ಒಂದು ಸೀರೆ ನೋಡಿದ್ದೆ, ನೇರಳೆ ಬಣ್ಣಕ್ಕೆ ಹಳದಿ ಅಂಚು. ತಂದೆ. ಎರಡು ಸಾವಿರದ ನಾನೂರು. ಚೌಕಾಸಿ ಮಾಡಲಿಲ್ಲ, ಅಂಗಡಿಯವನೇ ಒಂದು ಸಲ ನನ್ನ ಮುಖ ನೋಡಿದ. ಆಶಾ ಸೀರೆಯನ್ನು ಬಿಚ್ಚಲಿಲ್ಲ, ಕವರಿನ ಮೇಲೆಯೇ ಕೈಯಾಡಿಸಿ ಬೀರುವಿನಲ್ಲಿಟ್ಟಳು. ಯಾವುದಾದರೂ ಮದುವೆಗೆ ಉಡುತ್ತಾಳೇನೋ.

ಜುಲೈ 13

ಈ ವಾರ ಬೇಕರಿಯ ಪಫ್ಸು, ಖೋವಾ ಹೋಳಿಗೆ, ಎಳನೀರು, ಮೀನು, ಮತ್ತೆ ಬಿರಿಯಾನಿ. ಹೊಸ ಹಾಸಿಗೆಯೊಂದನ್ನೂ ತರಿಸಿದೆ, ಹಳೆಯದು ಅವಳ ಬೆನ್ನಿಗೆ ಒತ್ತುತ್ತಿತ್ತು. ಆಶಾ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾಳೆ. ನಾಲಿಗೆಗೆ ಹಿಡಿಸುವುದು ಯಾವುದು ಎಂದು ಹುಡುಕುತ್ತಿದ್ದೇನೆ. ಸಿಕ್ಕರೆ ಅದೊಂದನ್ನೇ ತರಬಹುದು, ಖರ್ಚೂ ಹಿಡಿತಕ್ಕೆ ಬರುತ್ತದೆ.

ಜುಲೈ 19

ಹರ್ಷಿತ ಕೊಟ್ಟಿಗೆಗೆ ಬಂದು ನನ್ನನ್ನು ಅಡ್ಡಹಾಕಿದಳು. ಬ್ಯಾಂಕಿನ ಮೆಸೇಜು ಅವಳ ಫೋನಿಗೂ ಬರುತ್ತದೆ, ನಾನು ಮರೆತಿದ್ದೆ. ದುಡ್ಡು ಇಷ್ಟಿಷ್ಟೇ ಹೋಗುತ್ತಿದೆಯಲ್ಲ, ಇಂಜೆಕ್ಷನ್ನಿಗೆ ಏನು ಮಾಡುತ್ತೀಯಪ್ಪ ಎಂದಳು. ನಿನ್ನ ಕೆಲಸ ನೋಡಿಕೋ ಎಂದು ಗದರಿದೆ. ಹೋಗಲಿಲ್ಲ. ಹಿಂಡಿಯ ಬಕೆಟ್ಟು ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

“ಅಪ್ಪ, ಇಂಜೆಕ್ಷನ್ ಇಲ್ವಾ?”

ಹಾಲು ಕರೆಯುತ್ತಲೇ ಇಲ್ಲ ಎಂದೆ. ಬಕೆಟ್ಟು ಕೆಳಗಿಟ್ಟು ಅಳತೊಡಗಿದಳು. ಅಮ್ಮನಿಗೆ ಕೇಳಿಸುತ್ತದೆ ಎಂದು ಬಾಯಿಗೆ ವೇಲು ತುರುಕಿಕೊಂಡಳು. ಹತ್ತೊಂಬತ್ತು ವರ್ಷದ ಹುಡುಗಿ. ಕೈಯೆಲ್ಲಾ ಹಾಲು, ತಲೆ ನೇವರಿಸಲೂ ಆಗಲಿಲ್ಲ. ಸಾಲ ಮಾಡಿದ್ದರೆ ಚಳಿಗಾಲದಲ್ಲೇ ಶುರುವಾಗುತ್ತಿತ್ತು. ಅವಳು ಹಾಗೆ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 3

ಇವತ್ತು ಹೊಸಕೋಟೆಯಿಂದ ಗುಲಾಬ್ ಜಾಮೂನು ತಂದಿದ್ದೆ. ಡಬ್ಬಿಯ ಮುಚ್ಚಳ ತೆಗೆದು ಆಶಾಳ ಮುಂದಿಟ್ಟೆ. ಮುಚ್ಚಿ ಎಂದಳು. ಸಿಹಿ ಸೇರದೇನೋ ಎಂದುಕೊಂಡು ಖಾರದ್ದು ತರಲೇ ಎಂದು ಎದ್ದೆ. ಕೈ ಹಿಡಿದು ಕೂರಿಸಿದಳು. ಹಿಡಿತದಲ್ಲಿ ಬಲವೇ ಇರಲಿಲ್ಲ, ಕೊಸರಿಕೊಂಡರೆ ಬಿಟ್ಟುಹೋಗುತ್ತಿತ್ತು. ನಾನು ಕೂತೆ.

“ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೂರು ರೂಪಾಯಿ ಮೇಲೆ ಒಂದು ಕಾಸೂ ಬಿಚ್ತಿರಲಿಲ್ಲ ನೀವು. ಬೈಕೋತಿದ್ದೆ ನಿಜ. ಆದ್ರೆ ಇವ್ರು ಇಷ್ಟು ಹಿಡೀತಾವ್ರೆ ಅಂದ್ರೆ ನಾನು ಬದುಕ್ತೀನಿ ಅಂತ ತಾನೇ, ಅನ್ಕೊಂಡು ಧೈರ್ಯವಾಗಿದ್ದೆ. ಈಗ ದಿನಾ ಒಂದೊಂದು ಪೊಟ್ಟಣ ತಂದು ಮುಂದೆ ಇಡ್ತೀರ. ಅದನ್ನ ಬಿಚ್ಚೋವಾಗೆಲ್ಲ ನಂಗೆ ಭಯ ಆಗ್ತದೆ ಕಣ್ರೀ.”

ರಕ್ತ ಏರಲಿ ಅಂತ ತರುತ್ತಿದ್ದೇನೆ ಎಂದು ಏನೋ ತೊದಲಿದೆ.

“ಡಾಕ್ಟ್ರು ಏನಂದ್ರು ಅಂತ ನಾನು ಕೇಳಕಿಲ್ಲ. ನೀವೂ ಹೇಳ್ಬೇಡಿ. ನಾಳೆಯಿಂದ ಮೊದಲಿನ ಹಾಗೇ ಇರಿ. ಬಟವಾಡೆ ದಿನ ಮಾತ್ರ. ಇಂಜೆಕ್ಷನ್ ದುಡ್ಡು ಮುಟ್ಬೇಡಿ.”

ಆಯಿತು ಎಂದೆ. ಆಮೇಲೆ ಹಿತ್ತಿಲಿಗೆ ಹೋಗಿ ಜಾಮೂನನ್ನು ಬೇಲಿಯಾಚೆ ಸುರಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಒಂದೂವರೆ ತಿಂಗಳು ಅವಳ ಕಿವಿಗೆ ಬೀಳಬಾರದು ಎಂದು ಯಾವ ಮಾತನ್ನು ಮುಚ್ಚಿಟ್ಟಿದ್ದೆನೋ, ಅದನ್ನು ದಿನವೂ ಕೊಂಡು ತಂದು ನಾನೇ ಅವಳ ಕೈಗೆ ಕೊಟ್ಟಿದ್ದೇನೆ.

ಆಗಸ್ಟ್ 4

ಬರಿಗೈಯಲ್ಲಿ ಬಂದೆ. ಏನು ತಂದಿರಿ ಎಂದಳು. ಏನೂ ಇಲ್ಲ ಎಂದೆ. ಒಳ್ಳೆಯದು ಎಂದು ಅರ್ಧ ಮುದ್ದೆ ತಿಂದಳು. ಬಹಳ ದಿನಗಳ ಮೇಲೆ ಅರ್ಧ ಮುದ್ದೆ.

ಆಗಸ್ಟ್ 16

ಬಾಳೆಹಣ್ಣು ಎಷ್ಟಕ್ಕೆ ತಂದೆ ಎಂದು ಹರ್ಷಿತಳನ್ನು ಕೇಳಿದೆ. ಏಲಕ್ಕಿ ಬಾಳೆ ಕೆಜಿಗೆ ತೊಂಬತ್ತು ಎಂದಳು. ಪಚ್ಚಬಾಳೆ ಇರಲಿಲ್ಲವೇ, ನಮ್ಮದೇನು ಗೌಡರ ಮನೆಯೇ ಎಂದು ಒಳಗೆ ಕೇಳಿಸುವ ಹಾಗೆ ಕೂಗಾಡಿದೆ. ಹರ್ಷಿತಳೂ ಬಿಡಲಿಲ್ಲ, ನಿನ್ನಂಥ ಜಿಪುಣನ ಹೊಟ್ಟೆಯಲ್ಲಿ ಹುಟ್ಟಿದ್ದೇ ತಪ್ಪು ಎಂದು ಅವಳೂ ಕೂಗಿದಳು. ಕೂಗುತ್ತಾ ಕಣ್ಣಲ್ಲಿ ನೀರು ಹಾಕಿಕೊಂಡಿದ್ದಳು. ಒಳಗಿನಿಂದ ಆಶಾ, ಅಪ್ಪ ಮಗಳು ಸುಮ್ಮನಿರ್ತೀರೋ ಇಲ್ವೋ ಎಂದು ಗದರಿದಳು. ಧ್ವನಿ ಗಟ್ಟಿಯಾಗಿತ್ತು.

ಆಗಸ್ಟ್ 20

ಬಟವಾಡೆ. ಎರಡು ಇಡ್ಲಿ ಕೇಳಿದಳು, ಒಂದು ತಿಂದಳು. ಮಿಕ್ಕ ನಲವತ್ತು ರೂಪಾಯಿಯನ್ನು ಖಾತೆಗೆ ಕಟ್ಟಿ ಎಂದಳು. ಕಟ್ಟಿದೆ.

ಸೆಪ್ಟೆಂಬರ್ 9

ಹೋದ ಬಟವಾಡೆಗೆ ಅವಳು ಏನನ್ನೂ ಕೇಳಲಿಲ್ಲ. ಗಂಜಿ ಬಿಟ್ಟರೆ ಬೇರೇನೂ ಇಳಿಯುತ್ತಿಲ್ಲ. ಗೋಡೌನಿಗೆ ರಜೆ ಹಾಕಿದ್ದೇನೆ. ಸೂಲಿಬೆಲೆಯ ಡಾಕ್ಟರು ಬಂದು ನೋವಿಗೆ ಸೂಜಿ ಚುಚ್ಚಿ ಹೋಗುತ್ತಾರೆ.

ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟವಳೇ ಚಕ್ಕೋತ ತಿನ್ನಬೇಕು ಎಂದಳು. ಆವತಿಯ ತವರುಮನೆಯ ಹಿಂದೆ ಚಕ್ಕೋತದ ಮರವಿತ್ತಂತೆ, ತೊಳೆ ಬಿಡಿಸಿ ಉಪ್ಪು ಖಾರ ಸವರಿ ತಿನ್ನುತ್ತಿದ್ದರಂತೆ. ಇದನ್ನು ಇಪ್ಪತ್ತೆರಡು ವರ್ಷದಲ್ಲಿ ನನಗೆ ಹೇಳಿಯೇ ಇರಲಿಲ್ಲ. ನಾನು ಅಂಗಿಗೆ ಕೈ ಹಾಕಿದ್ದೆ. ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ದೇವನಹಳ್ಳಿಗೆ ಹೋಗಿ ಬರಬಹುದು. ಅವಳು ನನ್ನನ್ನೇ ನೋಡುತ್ತಿದ್ದಳು.

“ಬಟವಾಡೆ ಬರ್ಲಿ,” ಎಂದೆ.

“ಯಾವಾಗ?”

“ಇಪ್ಪತ್ತಕ್ಕೆ.”

“ಸರಿ ಬಿಡಿ,” ಎಂದು ಕಣ್ಣು ಮುಚ್ಚಿಕೊಂಡಳು. ತುಟಿಯಲ್ಲಿ ನಗು ಇತ್ತು. ನಾನು ಕೊಟ್ಟಿಗೆಗೆ ಹೋಗಿ ಕೆಂದಿಯ ಬೆನ್ನಿಗೆ ಮುಖ ಒತ್ತಿ ಅತ್ತೆ. ಒಂದು ಹಣ್ಣು ತರಲು ನನ್ನ ಕೈಯಲ್ಲಿ ಆಗಲಿಲ್ಲವಲ್ಲ.

ಸೆಪ್ಟೆಂಬರ್ 13

ನಿನ್ನೆಯಿಂದ ಗಂಜಿಯೂ ಎರಡೇ ಚಮಚ. ಇಪ್ಪತ್ತಕ್ಕೆ ಇನ್ನೂ ಏಳು ದಿನ.

ಡೈರಿಗೆ ಹೋಗಿ ಹಾಲು ಹಾಕುವವರೆಲ್ಲ ಹೋಗುವವರೆಗೂ ಕಾದೆ. ಮುನಿವೆಂಕಟಪ್ಪಣ್ಣ ಕ್ಯಾನು ತೊಳೆಸುತ್ತಿದ್ದರು. ಈ ಸಲದ ಬಟವಾಡೆ ಸ್ವಲ್ಪ ಮುಂಚೆ ಮಾಡಲು ಆಗುತ್ತದೆಯೇ ಅಣ್ಣ ಎಂದು ಕೇಳಿದೆ. ದುಡ್ಡು ಒಕ್ಕೂಟದಿಂದ ಬರೋದು, ನನ್ನ ಕೈಲೇನಿದೆ, ಬೇಕಾದ್ರೆ ನಾನೇ ಐದು ಸಾವಿರ ಕೊಡ್ತೀನಿ ಎಂದರು. ದುಡ್ಡು ಬೇಡ ಎಂದೆ. ನಾಳೆ ಮನೆಗೆ ಬಂದು ಬಟವಾಡೆ ಆಗಿದೆ ಎಂದು ಅವಳ ಮುಂದೆ ಒಂದು ಮಾತು ಹೇಳಿ, ಅಷ್ಟು ಸಾಕು ಎಂದೆ. ನಾನು ಹೇಳಿದರೆ ಅವಳು ನಂಬುವುದಿಲ್ಲ. ಯಾಕೆ ಎಂದು ಕೇಳಿದರು. ಹೇಳಿದೆ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

“ಬರ್ತೀನಿ ಹೋಗು ಸಂಜೀವ,” ಎಂದರು.

ಅಲ್ಲಿಂದಲೇ ಬಸ್ಸು ಹತ್ತಿ ದೇವನಹಳ್ಳಿಗೆ ಹೋಗಿ ಒಂದು ಚಕ್ಕೋತ ತಂದೆ. ಮಗುವಿನ ತಲೆಯಷ್ಟು ದಪ್ಪದ್ದು. ಕೊಟ್ಟಿಗೆಯಲ್ಲಿ ಹಿಂಡಿಯ ಮೂಟೆಯ ಹಿಂದೆ ಇಟ್ಟಿದ್ದೇನೆ.

ಸೆಪ್ಟೆಂಬರ್ 14

ಮುನಿವೆಂಕಟಪ್ಪಣ್ಣ ಒಗೆದ ಪಂಚೆ ಉಟ್ಟುಕೊಂಡು ಬಂದರು. ಮಂಚದ ಪಕ್ಕ ಕೂತು ಹೇಗಿದ್ದೀಯಮ್ಮ ಎಂದು ವಿಚಾರಿಸಿದರು. ಹಾಲು, ಹಿಂಡಿಯ ರೇಟು ಎಲ್ಲ ಮಾತಾಡಿದ ಮೇಲೆ ಹೇಳಿದರು.

“ಈ ಸಲ ಬಟವಾಡೆ ಮುಂಚೇನೇ ಆಗೋಯ್ತು ಕಣಮ್ಮ.”

ಆಶಾ ಅವರ ಮುಖವನ್ನೇ ನೋಡುತ್ತಿದ್ದಳು. “ಎಲ್ರಿಗೂನಾ ಅಣ್ಣ, ನಮ್ಗೊಬ್ರಿಗೇನಾ?”

“ಎಲ್ರಿಗೂನು. ಪಕ್ಷದ ಹಬ್ಬ ಬಂತಲ್ಲ,” ಎಂದುಬಿಟ್ಟರು. ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬದ ಹೆಸರು ಬಾಯಿಂದ ಬಿದ್ದದ್ದು ಗೊತ್ತಾಗಿ ಅಲ್ಲೇ ತಲೆ ತಗ್ಗಿಸಿದರು. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಹರ್ಷಿತ ಕಾಫಿ ತರುತ್ತೇನೆಂದು ಒಳಗೆ ಹೋದವಳು ಅವರು ಎದ್ದು ಹೋಗುವವರೆಗೂ ಹೊರಗೆ ಬರಲಿಲ್ಲ.

ನಾನು ಕೊಟ್ಟಿಗೆಯಿಂದ ಹಣ್ಣು ತಂದೆ. ತಟ್ಟೆ, ಉಪ್ಪು, ಖಾರದಪುಡಿ ಎಲ್ಲ ಮಂಚದ ಹತ್ತಿರ ಇಟ್ಟುಕೊಂಡೆ. ಆಶಾ ಹಣ್ಣನ್ನು ಕೈಗೆ ಕೊಡಿಸಿಕೊಂಡಳು. ಎದೆಯ ಮೇಲಿಟ್ಟುಕೊಂಡು ಮೂಸಿ ನೋಡಿದಳು. ನಾನು ಚಾಕು ತೆಗೆದುಕೊಂಡೆ.

“ಬೇಡ, ಇಟ್ಬಿಡಿ. ಇವತ್ತು ಬಾಯಿಗೆ ಏನೂ ಸೇರಕಿಲ್ಲ. ಮುಂದಿನ ಬಟವಾಡೆಗೆ ತಿಂತೀನಿ.”

ಒಂದು ತೊಳೆ ತಿನ್ನೇ, ಒಂದೇ ಒಂದು ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಕಾಲು ಹಿಡಿದಾದರೂ ತಿನ್ನಿಸೋಣ ಎನ್ನಿಸಿತು. ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು, ಇವರು ಬಲವಂತ ಮಾಡುತ್ತಾರೋ ಇಲ್ಲವೋ ಎಂದು. ಚಾಕು ಕೆಳಗಿಟ್ಟೆ.

“ಸರಿ. ಮುಂದಿನದಕ್ಕೆ ತಿಂದ್ರಾಯ್ತು. ಸುಮ್ಮನೆ ಯಾಕೆ ದಂಡ ಮಾಡೋದು,” ಎಂದೆ.

“ಮುಂದಿನದು ಯಾವಾಗ?”

“ಅಕ್ಟೋಬರ್ ಐದು.”

“ಹೂಂ,” ಎಂದು ನನ್ನ ಕೈ ಮೇಲೆ ಕೈ ಇಟ್ಟುಕೊಂಡು ಮಲಗಿದಳು. ಮುಖದಲ್ಲಿ ನೋವು ಇರಲಿಲ್ಲ.

ಹಣ್ಣನ್ನು ಅಡುಗೆಮನೆಯ ಮೇಲಟ್ಟಕ್ಕೆ, ಬಿಸಿಲು ಬೀಳದ ಕಡೆ ಎತ್ತಿಟ್ಟೆ. ಸುಲಿಯದೆ ಇಟ್ಟರೆ ಮೂರು ವಾರ ಏನೂ ಆಗುವುದಿಲ್ಲ ಎಂದು ಮಾರಿದವನು ಹೇಳಿದ್ದ. ಹಣ್ಣಿನ ಚಿಂತೆಯಿಲ್ಲ.